ಪುಟ್ಟ ಮಕ್ಕಳಿಗೆ ಹಂಚಿಕೊಳ್ಳುವುದನ್ನು ಕಲಿಸುವುದು ಹೇಗೆ: ಕೊಡಗಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ನೆಂಟರೆಲ್ಲ ಮನೆಗೆ ಬರುತ್ತಾರೆ. ಬೆಂಗಳೂರು, ಮೈಸೂರಿನಿಂದ ಮಕ್ಕಳೂ ಬರುತ್ತವೆ. ಅರ್ಧ ಗಂಟೆ ಆಗುವುದರೊಳಗೆ ಒಳಕೋಣೆಯಿಂದ ಅಳು ಕೇಳಿಸುತ್ತದೆ. ಮೂರು ವರ್ಷದ ಮಗು ತನ್ನ ಆಟದ ಜೀಪನ್ನು ಎದೆಗೆ ಅವಚಿಕೊಂಡು ನಿಂತಿರುತ್ತದೆ. ಅಜ್ಜಿ "ಕೊಡು ಮಗಾ, ನಿನ್ನ ತಮ್ಮ ಅಲ್ವಾ" ಎನ್ನುತ್ತಾರೆ. ಅಪ್ಪನಿಗೆ ನೆಂಟರ ಮುಂದೆ ಮುಜುಗರ. ಕೊನೆಗೆ ಯಾರೋ ಒಬ್ಬರು ಜೀಪನ್ನು ಕಿತ್ತು ಇನ್ನೊಂದು ಮಗುವಿನ ಕೈಗೆ ಕೊಡುತ್ತಾರೆ. ಕೊಡದೇ ಇದ್ದ ಮಗುವಿಗೆ "ಇವನು ಸ್ವಾರ್ಥಿ" ಅಂತ ಒಂದು ಹೆಸರು ಬೀಳುತ್ತದೆ.

ಪುಟ್ಟ ಮಕ್ಕಳ ಜೊತೆ ಕೆಲಸ ಮಾಡುವ ನನಗೆ ಆ ಮಾತು ಕೇಳಿದರೆ ಸಂಕಟವಾಗುತ್ತದೆ. ಯಾಕೆಂದರೆ ಇಷ್ಟು ಚಿಕ್ಕ ವಯಸ್ಸಿನಲ್ಲಿ ಮಗು ಕೊಡುತ್ತದೋ ಇಲ್ಲವೋ ಎನ್ನುವುದಕ್ಕೆ ಅದರ ಗುಣಕ್ಕಿಂತ ಸಂದರ್ಭವೇ ಜಾಸ್ತಿ ಕಾರಣ. ಮಗುವಿನ ವಯಸ್ಸೆಷ್ಟು, ವಸ್ತು ಯಾವುದು, ಅದು ಕೈಗೆ ಬಂದದ್ದು ಹೇಗೆ, ಎದುರಿಗಿರುವವರು ಯಾರು, ದೊಡ್ಡವರು ಆಗ ಏನು ಮಾಡಿದರು, ಇವಿಷ್ಟನ್ನು ನೋಡಬೇಕು. ವಯಸ್ಸೊಂದನ್ನು ಬಿಟ್ಟರೆ ಉಳಿದದ್ದರಲ್ಲಿ ಬಹುಪಾಲು ನಮ್ಮ ಕೈಯಲ್ಲೇ ಇದೆ. ಕೆಳಗಿನ ಹೆಜ್ಜೆಗಳು ಒಂದು ವರ್ಷದಿಂದ ಎಂಟು ವರ್ಷದವರೆಗಿನ ಮಕ್ಕಳಿಗೆ. ಮನೆಯವರಿಗೂ ಆಗುತ್ತದೆ, ಅಂಗನವಾಡಿ ಟೀಚರಿಗೂ ಆಗುತ್ತದೆ.

ಹೆಜ್ಜೆ 1: ಮೊದಲು ವಯಸ್ಸು ನೋಡಿ

ವರ್ಷ ತುಂಬಿದ ಮಗು ತಾನಾಗಿಯೇ ವಸ್ತುಗಳನ್ನು ತಂದು ತೋರಿಸುತ್ತದೆ. ಎಂಜಲು ಮಾಡಿದ ಬಿಸ್ಕತ್ತನ್ನು ನಿಮ್ಮ ಬಾಯಿಗೆ ಹಿಡಿಯುತ್ತದೆ. ಅದನ್ನು ದಯವಿಟ್ಟು ತಿನ್ನಿ, ಇಲ್ಲವೇ ತಿಂದಂತೆ ಮಾಡಿ, ಖುಷಿಪಡಿ. ಕೆನಡಾದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎರಡು ವರ್ಷ ತುಂಬದ ಮಕ್ಕಳ ಮುಖಭಾವವನ್ನು ಗಮನಿಸಿದರು. ತಿಂಡಿ ತಮಗೆ ಸಿಕ್ಕಾಗಿನದಕ್ಕಿಂತ, ತಮ್ಮ ತಿಂಡಿಯನ್ನು ಒಂದು ಗೊಂಬೆಗೆ ಕೊಟ್ಟಾಗ ಮಕ್ಕಳ ಮುಖದಲ್ಲಿ ಹೆಚ್ಚು ಖುಷಿ ಕಂಡಿತು. ಕೊಡುವ ಸುಖ ಆಗಲೇ ಮಗುವಿನೊಳಗೆ ಇದೆ. ನಾವು ಹೊರಗಿನಿಂದ ತುಂಬಬೇಕಾಗಿಲ್ಲ.

ಒಂದೂವರೆಯಿಂದ ಎರಡು ವರ್ಷದ ಹೊತ್ತಿಗೆ "ನಂದು" ಶುರುವಾಗುತ್ತದೆ. ಮನೆಯವರು ಗಾಬರಿಯಾಗುವುದು ಆಗಲೇ. ನನ್ನ ಕೇಳಿದರೆ ಇದು ಒಳ್ಳೆಯ ಸುದ್ದಿ. ಯಾವುದು ತನ್ನದು ಎಂದು ಗೊತ್ತಾಗದೆ ಇನ್ನೊಬ್ಬರದು ಯಾವುದು ಎಂದು ಗೊತ್ತಾಗುವುದಿಲ್ಲ. ಕೊಡುವುದು ಅಂದರೆ ಏನು ಅಂತಲೂ ಗೊತ್ತಾಗುವುದಿಲ್ಲ. ಈ ವಯಸ್ಸಿನಲ್ಲಿ ಇನ್ನೊಂದು ವಿಷಯ ನೆನಪಿಡಿ. ಎದುರಿನವರು ಬಾಯಿಬಿಟ್ಟು ಕೇಳದಿದ್ದರೆ ಅವರಿಗೆ ಬೇಕು ಎನ್ನುವುದು ಮಗುವಿಗೆ ಹೊಳೆಯುವುದು ಕಷ್ಟ. ಅಮೆರಿಕದಲ್ಲಿ ನಡೆದ, 2009ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇಪ್ಪತ್ತೈದು ತಿಂಗಳ ಮಕ್ಕಳು ಎದುರಿಗೆ ಕೂತವರ ಜೊತೆ ತಿಂಡಿ ಹಂಚಿಕೊಂಡರು, ಅದೂ ಅವರು ತಮಗೆ ಬೇಕು ಎಂದು ಬಾಯಿಬಿಟ್ಟು ಹೇಳಿದಾಗ. ಹದಿನೆಂಟು ತಿಂಗಳ ಮಕ್ಕಳಿಗೆ ಅದು ಅಷ್ಟಾಗಿ ಬರಲಿಲ್ಲ. ಆದ್ದರಿಂದ ಎರಡು ವರ್ಷದ ಮಗು ಸುಮ್ನೆ ನೋಡುತ್ತಾ ನಿಂತ ತಂಗಿಗೆ ಕೊಡಲಿಲ್ಲ ಅಂತ ಬೈಯಬೇಡಿ. "ಪಾಪುಗೂ ಒಂದು ಚೂರು ಬೇಕಂತೆ" ಅಂತ ನೀವೇ ಬಾಯಿಬಿಟ್ಟು ಹೇಳಿ.

ಮೂರು, ನಾಲ್ಕರ ವಯಸ್ಸು ದೊಡ್ಡವರಿಗೆ ಬಹಳ ತಾಳ್ಮೆ ಬೇಡುವ ಕಾಲ. ಮಗುವಿಗೆ ಮಾತು ಬಂದಿದೆ. "ಹಂಚಿಕೊಂಡು ತಿನ್ನಬೇಕು" ಅಂತ ಅದೇ ಹೇಳುತ್ತದೆ. ಆಮೇಲೆ ಮುಕ್ಕಾಲು ಪಾಲು ತಾನೇ ಇಟ್ಟುಕೊಳ್ಳುತ್ತದೆ. ಇದು ಕಪಟ ಅನ್ನಿಸಬಹುದು, ಆದರೆ ಅಲ್ಲ. ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಸ್ಟಿಕ್ಕರ್ ಕೊಟ್ಟು ನಡೆಸಿದ ಅಧ್ಯಯನ 2013ರಲ್ಲಿ ಬಂತು. ಸಮವಾಗಿ ಹಂಚಬೇಕು ಎಂದು ಎಲ್ಲ ವಯಸ್ಸಿನವರೂ ಹೇಳಿದರು. ನಿಜವಾಗಿ ಸಮವಾಗಿ ಹಂಚಿದ್ದು ಏಳೆಂಟು ವರ್ಷದವರು. ಚಿಕ್ಕವರನ್ನು "ನೀನು ಎಷ್ಟು ಕೊಡುತ್ತೀಯ" ಎಂದು ಮೊದಲೇ ಕೇಳಿದರೆ, ತಾವು ಹೆಚ್ಚು ಇಟ್ಟುಕೊಳ್ಳುತ್ತೇವೆ ಎಂದು ಪ್ರಾಮಾಣಿಕವಾಗಿಯೇ ಹೇಳಿದರು. ಸರಿ ಯಾವುದು ಎನ್ನುವುದು ಅವರಿಗೆ ಗೊತ್ತಿದೆ. ಕೈಯಲ್ಲಿರುವುದನ್ನು ಬಿಟ್ಟುಕೊಡುವ ಶಕ್ತಿ ಇನ್ನೂ ಬಂದಿಲ್ಲ, ಅಷ್ಟೆ.

ಸ್ವಿಟ್ಜರ್ಲೆಂಡಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಇನ್ನೊಂದು ದಾರಿಯಿಂದ ತೋರಿಸಿತು. ತನಗೇ ನಷ್ಟವಾದರೂ ಮಿಠಾಯಿಯನ್ನು ಇನ್ನೊಂದು ಮಗುವಿನ ಜೊತೆ ಹಂಚಿಕೊಂಡವರು ಮೂರು, ನಾಲ್ಕು ವರ್ಷದವರಲ್ಲಿ ಹತ್ತಕ್ಕೆ ಒಬ್ಬರೂ ಇರಲಿಲ್ಲ. ಏಳೆಂಟು ವರ್ಷಕ್ಕೆ ಬರುವಾಗ ಹತ್ತಿರ ಹತ್ತಿರ ಅರ್ಧದಷ್ಟು ಮಕ್ಕಳು ಹಂಚಿಕೊಂಡರು. ಅಂದರೆ ನಿಮ್ಮ ಮೂರು ವರ್ಷದ ಮಗು ಜೀಪು ಬಿಟ್ಟುಕೊಡದಿದ್ದರೆ ಅದು ಆ ವಯಸ್ಸಿನ ಉಳಿದ ಮಕ್ಕಳಂತೆಯೇ ಇದೆ. ಇದನ್ನು ಅಜ್ಜ ಅಜ್ಜಿಗೂ ಸಮಾಧಾನವಾಗಿ ಹೇಳಿ. ಹೆಸರಿಡುವುದು ನಿಂತರೆ ಅರ್ಧ ಕೆಲಸ ಆದಂತೆ.

ಹೆಜ್ಜೆ 2: ನೆಂಟರು ಬರುವ ಮೊದಲೇ ಸಾಮಾನು ವಿಂಗಡಿಸಿ

ಇದು ಚಿಕ್ಕ ಕೆಲಸ, ಆದರೆ ಬಹಳ ಜಗಳ ತಪ್ಪಿಸುತ್ತದೆ. ಮಕ್ಕಳು ಬರುವ ಮುಂಚೆ, ಬೆಳಿಗ್ಗೆಯೇ, ನಿಮ್ಮ ಮಗುವಿನ ಜೊತೆ ಕೂತುಕೊಳ್ಳಿ. "ಇವತ್ತು ಎಲ್ಲರೂ ಬರುತ್ತಾರೆ. ಯಾವುದನ್ನು ಯಾರೂ ಮುಟ್ಟಬಾರದು ಅಂತ ನಿನಗೆ ಅನ್ನಿಸುತ್ತದೆ?" ಎಂದು ಕೇಳಿ. ಎರಡು, ಮೂರು ವಸ್ತು ಆರಿಸಲಿ. ಅವನ್ನು ಬೀರುವಿನ ಮೇಲಿಡಿ. ನೆಂಟರ ಮಗು ಅದನ್ನು ಕೇಳಿ ಅತ್ತರೂ ಇಳಿಸಿ ಕೊಡಬೇಡಿ. ನಿಮ್ಮ ಮಾತಿನ ಮೇಲೆ ಮಗುವಿಗೆ ನಂಬಿಕೆ ಬರುವುದು ಆ ಕ್ಷಣದಲ್ಲೇ. ಮಲಗುವಾಗ ಹಿಡಿದುಕೊಳ್ಳುವ ಗೊಂಬೆ, ಅಜ್ಜ ಕೊಟ್ಟ ಪುಟಾಣಿ ಹಾಕಿ ಸ್ಟಿಕ್, ಹೊಚ್ಚ ಹೊಸ ಆಟಿಕೆ, ಇಂಥವೆಲ್ಲ ಬೀರುವಿನ ಮೇಲೆಯೇ ಇರಬೇಕು. ನಾವು ನಮ್ಮ ಫೋನನ್ನು ನೆಂಟರ ಕೈಗೆ ಇಡೀ ದಿನ ಕೊಡುತ್ತೇವಾ? ಇಲ್ಲವಲ್ಲ.

ಉಳಿದದ್ದನ್ನು ಹೊರಗೆ ಹರಡಿ. ಹೆಚ್ಚು ಮಕ್ಕಳು ಸೇರುವ ದಿನ ಒಬ್ಬರೇ ಹಿಡಿಯುವ ಆಟಿಕೆಗಿಂತ ರಾಶಿ ವಸ್ತುಗಳು ಒಳ್ಳೆಯವು. ಖಾಲಿ ರಟ್ಟಿನ ಪೆಟ್ಟಿಗೆ, ಹಳೆಯ ಗೋಣಿಚೀಲ, ಬಣ್ಣದ ಸೀಮೆಸುಣ್ಣ, ಅಂಗಳದ ಮಣ್ಣು, ನೀರು ತುಂಬಿದ ಬಕೆಟ್ಟು. ಎರಡು ವರ್ಷದ ಒಳಗಿನವರು ಇಬ್ಬರಿದ್ದರೆ ಒಂದೇ ತರದ ವಸ್ತು ಎರಡಿರಲಿ, ಎರಡು ಸೌಟು ಆದರೂ ಸಾಕು.

ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಬೇರೆಯೇ ಕಥೆ. ಮಳೆ ರಜೆ ಕೊಟ್ಟರೆಂದರೆ ಮಕ್ಕಳು ದಿನಗಟ್ಟಲೆ ಮನೆಯೊಳಗೆ. ಕರೆಂಟೂ ಇರುವುದಿಲ್ಲ. ಒಂದೇ ಕೋಣೆ, ಅದೇ ನಾಲ್ಕು ಆಟಿಕೆ, ಅದೇ ಅಣ್ಣ ತಂಗಿ. ಆಗ ಜಗಳ ಜಾಸ್ತಿಯಾದರೆ ಮಕ್ಕಳ ಗುಣ ಕೆಟ್ಟಿತು ಅಂದುಕೊಳ್ಳಬೇಡಿ. ಅರ್ಧ ಆಟಿಕೆಗಳನ್ನು ಒಂದು ಚೀಲಕ್ಕೆ ಹಾಕಿ ಅಟ್ಟದ ಮೇಲಿಡಿ, ವಾರ ಬಿಟ್ಟು ಅದಲುಬದಲು ಮಾಡಿ. ಮಳೆ ಕೊಂಚ ಬಿಟ್ಟಾಗ ಕೊಡೆ, ಬೂಟು ಕೊಟ್ಟು ಹೊರಗೆ ಬಿಡಿ.

ಹಸಿವು, ನಿದ್ದೆ, ಜ್ವರ ಇರುವಾಗ ಹಂಚಿಕೆಯ ಪಾಠವೇ ಬೇಡ.

ಹೆಜ್ಜೆ 3: ಕಿತ್ತು ಕೊಡಬೇಡಿ, ಸರದಿ ಕಲಿಸಿ

ಕಿತ್ತು ಕೊಟ್ಟಾಗ ಮಗು ಕಲಿಯುವುದು ಏನು? ಬಲ ಇದ್ದವರು ಕಿತ್ತುಕೊಳ್ಳಬಹುದು ಎನ್ನುವುದನ್ನು. ನಾಳೆ ಅದು ತನಗಿಂತ ಚಿಕ್ಕವರಿಂದ ಹಾಗೆಯೇ ಕಿತ್ತುಕೊಳ್ಳುತ್ತದೆ. ಅತ್ತ ಮಗುವಿಗೆ ಕೂಡಲೇ ಕೊಡಿಸಿದರೆ, ಅತ್ತರೆ ಸಿಗುತ್ತದೆ ಎಂದು ಆ ಮಗುವೂ ಕಲಿಯುತ್ತದೆ.

ಇಬ್ಬರು ಮಕ್ಕಳು ಒಂದು ವಸ್ತು ಹಿಡಿದು ಎಳೆದಾಡುವಾಗ ಹೀಗೆ ಮಾಡಿ ನೋಡಿ. ಮೊದಲು ಹತ್ತಿರ ಹೋಗಿ ನೆಲದ ಮೇಲೆ ಕೂತುಕೊಳ್ಳಿ. ನಿಂತು ಕೂಗಿದರೆ ಏನೂ ಕೆಲಸವಾಗುವುದಿಲ್ಲ. ವಸ್ತುವಿನ ಮೇಲೆ ನಿಮ್ಮ ಕೈ ಇಡಿ, ಆದರೆ ತೆಗೆದುಕೊಳ್ಳಬೇಡಿ. ಕಂಡದ್ದನ್ನು ಹೇಳಿ: "ಇಬ್ಬರಿಗೂ ಜೀಪು ಬೇಕು. ಮೊದಲು ಇವನ ಕೈಯಲ್ಲಿತ್ತು." ಆಮೇಲೆ ಹಿಡಿದುಕೊಂಡ ಮಗುವಿಗೆ, "ನಿನ್ನ ಆಟ ಮುಗಿದ ಮೇಲೆ ಅವಳಿಗೆ ಕೊಡು. ಮುಗಿದಾಗ ನೀನೇ ಕರೆ" ಎನ್ನಿ. ಕಾಯುವ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ. ಕಾಯುವುದು ಅದಕ್ಕೆ ನಿಜವಾಗಿ ಕಷ್ಟ, "ಕಾಯೋದು ಬೇಜಾರು ಅಲ್ವಾ" ಅಂತ ಒಪ್ಪಿಕೊಳ್ಳಿ. ಹೆಚ್ಚಿನ ಸಲ ಮೊದಲನೆಯ ಮಗು ನಾವು ಎಣಿಸಿದ್ದಕ್ಕಿಂತ ಬೇಗ ವಸ್ತುವನ್ನು ತಂದು ಕೊಡುತ್ತದೆ. ಯಾರೂ ಕಿತ್ತುಕೊಳ್ಳುವುದಿಲ್ಲ ಎನ್ನುವ ಧೈರ್ಯ ಬಂದರೆ ಕೈ ತಾನಾಗಿ ಸಡಿಲವಾಗುತ್ತದೆ.

ಕೊಟ್ಟ ಮಗುವಿಗೆ ವಸ್ತು ತಿರುಗಿ ಸಿಗಬೇಕು, ಇದನ್ನು ಮರೆಯಬಾರದು. ಕೊಟ್ಟದ್ದು ವಾಪಸ್ಸು ಬರುತ್ತದೆ ಎನ್ನುವುದು ಮಾತಿನಲ್ಲಿ ಅರ್ಥವಾಗುವುದಿಲ್ಲ, ನಾಲ್ಕಾರು ಸಲ ನಡೆದರೆ ಅರ್ಥವಾಗುತ್ತದೆ.

ಅಂಗನವಾಡಿಯ ಉಯ್ಯಾಲೆ, ಶಾಲೆಯ ಜಾರುಬಂಡೆ ಎಲ್ಲರದ್ದು. ಅಲ್ಲಿ "ನಿನ್ನ ಆಟ ಮುಗಿದ ಮೇಲೆ" ನಡೆಯುವುದಿಲ್ಲ. ಇಪ್ಪತ್ತು ಸಲ ತೂಗಿದ ಮೇಲೆ ಇಳಿಯಬೇಕು ಎಂದು ಲೆಕ್ಕ ಇಡಿ. ಕಾಯುವ ಮಕ್ಕಳೇ ಜೋರಾಗಿ ಎಣಿಸಲಿ. ಎಣಿಕೆಯಲ್ಲಿ ಪಾಲು ಸಿಕ್ಕಿದ್ದರಿಂದ ಕಾಯುವುದೂ ಆಟವಾಗುತ್ತದೆ.

ಹೆಜ್ಜೆ 4: ನಿಜವಾದ ಆಯ್ಕೆ ಕೊಡಿ

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. ಪುಟ್ಟ ಮಕ್ಕಳಿಗೆ ಬೇಜಾರಿನಲ್ಲಿರುವ ಒಂದು ನಾಯಿ ಗೊಂಬೆಯನ್ನು ತೋರಿಸಿದರು. ಕೆಲವು ಮಕ್ಕಳಿಗೆ "ಈ ಸ್ಟಿಕ್ಕರನ್ನು ನೀನೇ ಇಟ್ಟುಕೊಳ್ಳಬಹುದು, ಇಲ್ಲವೇ ನಾಯಿಗೆ ಕೊಡಬಹುದು" ಎಂದರು. ಇನ್ನು ಕೆಲವರಿಗೆ "ನಾಯಿಗೆ ಕೊಡಲೇಬೇಕು" ಎಂದರು. ಆಮೇಲೆ ಇನ್ನೊಂದು ಗೊಂಬೆ ಬಂದಾಗ, ಮೊದಲು ತಾವೇ ಆರಿಸಿ ಕೊಟ್ಟಿದ್ದ ಮಕ್ಕಳು ಹೆಚ್ಚು ಸ್ಟಿಕ್ಕರ್ ಹಂಚಿದರು. ಬಲವಂತದಿಂದ ಕೊಟ್ಟವರ ಕೈ ಎರಡನೇ ಸಲ ಅಷ್ಟು ಧಾರಾಳವಾಗಿ ಬರಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ತಾನೇ ಮನಸ್ಸು ಮಾಡಿ ಕೊಟ್ಟರೆ "ನನಗೆ ಕೊಡುವುದು ಇಷ್ಟ" ಎಂದು ಮಗು ತನ್ನ ಬಗ್ಗೆ ತಿಳಿದುಕೊಳ್ಳುತ್ತದೆ. ಹೇಳಿದ್ದಕ್ಕೆ ಕೊಟ್ಟರೆ "ಅಮ್ಮ ಹೇಳಿದರು" ಎನ್ನುವುದಷ್ಟೇ ಉಳಿಯುತ್ತದೆ.

ಮನೆಯಲ್ಲಿ ಇದನ್ನು ಮಾಡುವಾಗ "ಇಲ್ಲ" ಎನ್ನುವ ಉತ್ತರಕ್ಕೂ ಜಾಗ ಇರಬೇಕು. "ಕೊಡ್ತೀಯಾ?" ಎಂದು ಕೇಳಿ, ಇಲ್ಲ ಎಂದ ಕೂಡಲೇ ಮುಖ ಊದಿಸಿದರೆ ಅದು ಆಯ್ಕೆ ಅಲ್ಲ, ಅಪ್ಪಣೆ. ಸುಲಭವಾದ ದಾರಿ, ಎರಡರಲ್ಲಿ ಒಂದು ಆರಿಸಲು ಬಿಡುವುದು. "ಅಕ್ಕನಿಗೆ ಕೆಂಪು ಬಣ್ಣದ ಸೀಮೆಸುಣ್ಣ ಕೊಡ್ತೀಯಾ, ಹಳದಿ ಕೊಡ್ತೀಯಾ?" "ಈ ಚಿಕ್ಕಿಯನ್ನು ಈಗ ಹಂಚೋಣವಾ, ಊಟ ಆದ ಮೇಲೆ ಹಂಚೋಣವಾ?" ಎರಡೂವರೆ ವರ್ಷದಿಂದಲೇ ಇದು ನಡೆಯುತ್ತದೆ.

ಹೆಜ್ಜೆ 5: ಒಟ್ಟಿಗೆ ಕೆಲಸ ಮಾಡಿಸಿ, ಬಂದದ್ದನ್ನು ಒಟ್ಟಿಗೆ ಹಂಚಿಸಿ

ಈ ಇಡೀ ಬರಹದಲ್ಲಿ ಒಂದೇ ಹೆಜ್ಜೆ ಪಾಲಿಸಲು ನಿಮಗೆ ಸಮಯವಿದ್ದರೆ ಇದನ್ನೇ ಪಾಲಿಸಿ.

2011ರಲ್ಲಿ ಪ್ರಕಟವಾದ ಒಂದು ಹೆಸರಾಂತ ಪ್ರಯೋಗದಲ್ಲಿ ಮೂರು ವರ್ಷದ ಮಕ್ಕಳನ್ನು ಇಬ್ಬಿಬ್ಬರಾಗಿ ಕರೆದರು. ಒಂದು ಹಲಗೆ, ಅದಕ್ಕೆ ಹಗ್ಗ. ಇಬ್ಬರೂ ಸೇರಿ ಎಳೆದರೆ ಮಾತ್ರ ಹಲಗೆ ಹತ್ತಿರ ಬರುತ್ತದೆ. ಬಂದಾಗ ಬಹುಮಾನಗಳು ಸಮವಾಗಿ ಬರುವುದಿಲ್ಲ. ಒಬ್ಬರ ಕಡೆ ಮೂರು, ಇನ್ನೊಬ್ಬರ ಕಡೆ ಒಂದು. ಸೇರಿ ಎಳೆದಿದ್ದ ಮಕ್ಕಳಲ್ಲಿ ಮೂರು ಸಿಕ್ಕಿದವರು ಹೆಚ್ಚಿನ ಸಲ ಒಂದನ್ನು ಆಚೆಗೆ ಕೊಟ್ಟು ಎರಡೆರಡು ಮಾಡಿಕೊಂಡರು. ಅದೇ ಬಹುಮಾನ ಸುಮ್ನೆ ಅಲ್ಲಿ ಇಟ್ಟಿದ್ದಾಗ ಹೀಗೆ ಕೊಡುವುದು ತೀರಾ ಕಡಿಮೆಯಾಯಿತು. ಇಬ್ಬರೂ ಪಕ್ಕಪಕ್ಕದಲ್ಲೇ, ಆದರೆ ಬೇರೆ ಬೇರೆಯಾಗಿ ಎಳೆದಾಗಲೂ ಸೇರಿ ಎಳೆದಷ್ಟು ಕೊಡಲಿಲ್ಲ. ಚಿಂಪಾಂಜಿಗಳಲ್ಲಿ ಸೇರಿ ಎಳೆದರೂ, ಬಿಟ್ಟರೂ ವ್ಯತ್ಯಾಸ ಕಾಣಲಿಲ್ಲ.

ಮೂರು ವರ್ಷ ಅಂದರೆ ಜೀಪು ಬಿಟ್ಟುಕೊಡದ ವಯಸ್ಸು. ಅದೇ ವಯಸ್ಸಿನ ಮಗು, ಇಬ್ಬರೂ ಸೇರಿ ಗಳಿಸಿದ್ದನ್ನು ಹೇಳಿಸಿಕೊಳ್ಳದೇ ಹಂಚಿಕೊಳ್ಳುತ್ತದೆ. ಮಗು ಬದಲಾಗಲಿಲ್ಲ, ವಸ್ತು ಕೈಗೆ ಬಂದ ದಾರಿ ಬದಲಾಯಿತು.

ಕೊಡಗಿನಲ್ಲಿ ಇದಕ್ಕೆ ಬೇಕಾದ್ದೆಲ್ಲ ಮನೆಬಾಗಿಲಲ್ಲೇ ಇದೆ. ಕಡಂಬುಟ್ಟು ಮಾಡುವ ದಿನವನ್ನೇ ತೆಗೆದುಕೊಳ್ಳಿ. ಅಕ್ಕಿ ತರಿ ಬೇಯಿಸಿ ಇಳಿಸಿದ ಮೇಲೆ ಉಗುರುಬೆಚ್ಚಗಾಗುವವರೆಗೆ ಕಾಯಿರಿ, ಬಿಸಿ ಇದ್ದಾಗ ಮಕ್ಕಳನ್ನು ಹತ್ತಿರ ಬಿಡಬೇಡಿ. ಇಬ್ಬರು ಮಕ್ಕಳನ್ನು ಒಂದೇ ತಟ್ಟೆಯ ಎದುರು ಕೂರಿಸಿ. ಒಬ್ಬಳು ಹಿಟ್ಟು ಚಿವುಟಿ ಕೊಡಲಿ, ಇನ್ನೊಬ್ಬ ಕೈಗೆ ತುಪ್ಪ ಸವರಿಕೊಂಡು ಉಂಡೆ ಕಟ್ಟಲಿ. ನಡುವೆ ಕೆಲಸ ಬದಲಿಸಿಕೊಳ್ಳಲಿ. ಉಂಡೆ ಸೊಟ್ಟಗಾದರೂ ಸರಿಮಾಡಬೇಡಿ. ಬೆಂದ ಮೇಲೆ ಅವರು ಕಟ್ಟಿದ್ದನ್ನು ಬೇರೆ ಬಟ್ಟಲಿಗೆ ಹಾಕಿ ಅವರ ಮುಂದೆಯೇ ಇಟ್ಟು, "ನೀವಿಬ್ಬರೂ ಸೇರಿ ಮಾಡಿದ್ದು. ನೀವೇ ಹಂಚಿ" ಎನ್ನಿ. ನೀವು ಹಂಚಬೇಡಿ. ಅಲ್ಲಿ ಕೈ ಹಾಕಿದರೆ ಇಷ್ಟು ಹೊತ್ತು ಮಾಡಿದ್ದು ವ್ಯರ್ಥ.

ಇಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ಕೆಲಸ ನಿಜವಾಗಿಯೂ ಇಬ್ಬರಿಲ್ಲದೆ ಆಗಬಾರದು. ಪಕ್ಕಪಕ್ಕ ಕೂತು ಇಬ್ಬರೂ ಬೇರೆ ಬೇರೆ ಚಿತ್ರ ಬರೆದರೆ ಅದು ಒಟ್ಟಿಗೆ ಮಾಡಿದಂತಲ್ಲ. ದೊಡ್ಡ ಬುಟ್ಟಿಯನ್ನು ಇಬ್ಬರೂ ಎರಡು ಕಡೆ ಹಿಡಿದು ಕಿತ್ತಳೆ ತರುವುದು, ಒಬ್ಬ ಕೊಂಬೆ ಬಗ್ಗಿಸಿ ಹಿಡಿದಾಗ ಇನ್ನೊಬ್ಬಳು ಪೇರಳೆ ಕೀಳುವುದು, ಮಳೆ ಹನಿ ಬಿತ್ತೆಂದರೆ ಕಣದಲ್ಲಿ ಒಣಗಲು ಹಾಕಿದ ಮೆಣಸಿನ ಟಾರ್ಪಾಲಿನ ಎರಡು ಮೂಲೆ ಹಿಡಿದು ಎಳೆಯುವುದು, ಇವು ಒಟ್ಟಿಗೆ ಮಾಡುವ ಕೆಲಸಗಳು. ಎರಡು, ಕೊನೆಯಲ್ಲಿ ಹಂಚಲು ಏನಾದರೂ ಇರಬೇಕು. ಟಾರ್ಪಾಲು ಎಳೆದದ್ದಕ್ಕೆ ಹಂಚುವುದೇನು? ಹಾಗಾಗಿ ಹಣ್ಣು, ತಿಂಡಿಯ ಕೆಲಸವೇ ಒಳ್ಳೆಯದು.

ಪುತ್ತರಿಯನ್ನು ಇದಕ್ಕೆ ಬಳಸಿಕೊಳ್ಳಿ. ಗದ್ದೆಯಲ್ಲಿ "ಪೊಲಿ ಪೊಲಿ ದೇವಾ" ಎಂದು ಎಲ್ಲರೂ ಕೂಗುವಾಗ ಮಕ್ಕಳೂ ಕೂಗಲಿ. ತಂಬುಟ್ಟಿಗೆ ಬಾಳೆಹಣ್ಣು ಕಿವುಚುವ ಕೆಲಸ ನಾಲ್ಕು ವರ್ಷದವರಿಗೂ ಬರುತ್ತದೆ. ಒಬ್ಬ ಕಿವುಚಲಿ, ಒಬ್ಬಳು ಹುರಿದ ಅಕ್ಕಿಹಿಟ್ಟು ಉದುರಿಸಲಿ, ಮತ್ತೊಬ್ಬರು ಎಳ್ಳು ಹಾಕಲಿ. ಆಮೇಲೆ ಬಂದವರಿಗೆಲ್ಲ ಬಡಿಸುವ ಕೆಲಸವನ್ನು ಆ ಮಕ್ಕಳಿಗೇ ಬಿಡಿ. ತಾನು ಮಾಡಿದ್ದನ್ನು ತಾನೇ ಬಡಿಸುವ ಮಗುವಿನ ಮುಖ ನೋಡಿದರೆ ನಿಮಗೇ ತಿಳಿಯುತ್ತದೆ.

ಒಟ್ಟಿಗೆ ಹಾಡುವುದು, ಕುಣಿಯುವುದೂ ಇದೇ ತರ ಕೆಲಸ ಮಾಡುತ್ತದೆ. ನಾಲ್ಕು ವರ್ಷದ ಮಕ್ಕಳ ಜೋಡಿಗಳು ಸೇರಿ ಹಾಡಿ, ಕುಣಿದ ಮೇಲೆ ಒಬ್ಬರಿಗೊಬ್ಬರು ಹೆಚ್ಚು ನೆರವಾದರು ಎಂದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ವಾಲಗ ಕೇಳಿದರೆ ಕೊಡಗಿನ ಮಕ್ಕಳ ಕಾಲು ನಿಲ್ಲುವುದಿಲ್ಲ. ಮದುವೆ ಮನೆಯಲ್ಲಿ ಮಕ್ಕಳ ಜಗಳ ಶುರುವಾದರೆ ಎಲ್ಲರನ್ನೂ ಒಟ್ಟಿಗೆ ಕುಣಿಯಲು ಕರೆದುಕೊಂಡು ಹೋಗಿ. ಐಸ್‌ಕ್ರೀಮ್ ಆಮೇಲೆ ಕೊಡಿ.

ಹೆಜ್ಜೆ 6: ಎಣಿಸಿ ಹಂಚುವುದನ್ನು ತೋರಿಸಿ

ಕೆಲವು ಸಲ ಮಗುವಿಗೆ ಸಮವಾಗಿ ಹಂಚುವ ಮನಸ್ಸಿರುತ್ತದೆ, ಲೆಕ್ಕ ಬರುವುದಿಲ್ಲ. ಎಣಿಕೆ ಚೆನ್ನಾಗಿ ಬರುವ ಮಕ್ಕಳು ಸರಿಸಮವಾಗಿ ಹಂಚುವುದು ಜಾಸ್ತಿ ಎಂದು ಸಂಶೋಧಕರೂ ಕಂಡುಕೊಂಡಿದ್ದಾರೆ. ಇದಕ್ಕೆ ನಮ್ಮ ಕಿತ್ತಳೆಗಿಂತ ಒಳ್ಳೆಯ ಪಾಠವಿಲ್ಲ. ಸಿಪ್ಪೆ ಸಡಿಲ, ಮಗುವೇ ಸುಲಿಯಬಹುದು. ಒಳಗೆ ಒಂಬತ್ತೋ ಹತ್ತೋ ತೊಳೆ. "ನಿನಗೊಂದು, ಅಣ್ಣನಿಗೊಂದು, ನಿನಗೊಂದು, ಅಣ್ಣನಿಗೊಂದು" ಎಂದು ಇಡಿಸಿ. ಕೊನೆಗೆ ಒಂದು ಉಳಿದರೆ ಏನು ಮಾಡುವುದು ಎಂದು ಅವರನ್ನೇ ಕೇಳಿ. ಮಕ್ಕಳ ಉತ್ತರ ಕೇಳುವಂತಿರುತ್ತದೆ: ಅರ್ಧ ಮಾಡುತ್ತಾರೆ, ಅಜ್ಜಿಗೆ ಕೊಡುತ್ತಾರೆ, ನಾಯಿಗೂ ಕೊಡುತ್ತಾರೆ.

ಹೆಜ್ಜೆ 7: ಮನಸ್ಸಿನ ಬಗ್ಗೆ ಮಾತಾಡಿಸಿ

ನಾವು ಉಪದೇಶ ಮಾಡುವುದಕ್ಕೂ ಮಗುವಿನಿಂದ ಮಾತು ಹೊರಡಿಸುವುದಕ್ಕೂ ದೊಡ್ಡ ವ್ಯತ್ಯಾಸವಿದೆ. ಚಿತ್ರಪುಸ್ತಕ ಓದುವಾಗ ತಂದೆತಾಯಿ ಹೇಗೆ ಮಾತಾಡುತ್ತಾರೆ ಎಂದು ನೋಡಿದ 2013ರ ಒಂದು ಅಧ್ಯಯನದಲ್ಲಿ, "ಈ ಮಗುವಿಗೆ ಏನನ್ನಿಸುತ್ತಿದೆ? ಯಾಕೆ?" ಎಂದು ಮಗುವನ್ನೇ ಕೇಳುತ್ತಿದ್ದವರ ಮಕ್ಕಳು ಬೇಗ ನೆರವಿಗೆ ಬಂದರು, ಬೇಗ ಹಂಚಿಕೊಂಡರು. ತಂದೆತಾಯಿ ತಾವೇ ವಿವರಿಸುತ್ತಾ ಹೋದದ್ದರಿಂದ ಅಂಥ ಲಾಭ ಕಾಣಲಿಲ್ಲ. ಆ ಮಕ್ಕಳಿಗೆ ಎರಡು ವರ್ಷದ ಆಸುಪಾಸು.

ಪುಸ್ತಕವೇ ಬೇಕೆಂದಿಲ್ಲ. ಸಂತೆಗೆ ಹೋದಾಗ ಅಳುವ ಮಗು ಕಂಡರೆ, "ಅದು ಯಾಕೆ ಅಳುತ್ತಿರಬಹುದು?" ಎಂದು ಕೇಳಿ. ಉತ್ತರಕ್ಕೆ ಕಾಯಿರಿ. ತಪ್ಪಿದ್ದರೂ ತಿದ್ದಬೇಡಿ. ಮನೆಯಲ್ಲಿ ಕೊಡವ ತಕ್ಕ್ ಆಗಲಿ, ಅರೆಭಾಷೆ ಆಗಲಿ, ತುಳು, ಮಲಯಾಳಂ ಆಗಲಿ, ಮಗುವಿಗೆ ಸಲೀಸಾದ ಮಾತಿನಲ್ಲೇ ಕೇಳಿ. ಮನಸ್ಸಿನ ಮಾತು ಶಾಲೆಯ ಕನ್ನಡದಲ್ಲಿ ಬರಬೇಕೆಂದು ಕಾದರೆ ಎರಡು, ಮೂರು ವರ್ಷ ದಂಡ.

ಹೆಜ್ಜೆ 8: ಚಾಕಲೇಟಿನ ಆಸೆ ತೋರಿಸಬೇಡಿ

"ತಮ್ಮನಿಗೆ ಕೊಟ್ಟರೆ ಚಾಕಲೇಟ್" ಎಂದರೆ ಆ ಹೊತ್ತಿಗೆ ಕೆಲಸ ಆಗುತ್ತದೆ, ಆಮೇಲೆ ಕೆಡುತ್ತದೆ. 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ನೆರವಾದದ್ದಕ್ಕೆ ಬಹುಮಾನ ಪಡೆದ ಇಪ್ಪತ್ತು ತಿಂಗಳ ಮಕ್ಕಳು ಮುಂದೆ ಕಡಿಮೆ ನೆರವಾದರು. ಬಾಯಿಮಾತಿನ ಮೆಚ್ಚುಗೆ ಸಿಕ್ಕವರಲ್ಲಿ ಹಾಗಾಗಲಿಲ್ಲ. ಅದು ನೆರವಿನ ಪ್ರಯೋಗ, ಹಂಚಿಕೆಯದ್ದಲ್ಲ, ಆದರೂ ಮನೆಯಲ್ಲಿ ಕಾಣುವುದು ಇದನ್ನೇ. ಮೆಚ್ಚುವಾಗ "ಜಾಣ ಮರಿ" ಎನ್ನುವುದಕ್ಕಿಂತ ಆದದ್ದನ್ನು ತೋರಿಸಿ: "ನೋಡು, ನೀನು ಪೆನ್ಸಿಲ್ ಕೊಟ್ಟೆ, ಅವಳು ಅಳು ನಿಲ್ಲಿಸಿದಳು."

ಹೆಜ್ಜೆ 9: "ನಮ್ಮವರು" ಎನ್ನುವ ವಲಯವನ್ನು ದೊಡ್ಡದು ಮಾಡಿ

ಮೇಲೆ ಹೇಳಿದ ಸ್ವಿಟ್ಜರ್ಲೆಂಡಿನ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇತ್ತು. ಮಕ್ಕಳು ತಮ್ಮ ಶಾಲೆಯ ಮಗುವಿಗೆ ಕೊಟ್ಟಷ್ಟು ಬೇರೆ ಶಾಲೆಯ ಮಗುವಿಗೆ ಕೊಡಲಿಲ್ಲ. ಗೆಳೆಯರಿಗೆ ಕೈ ಬೇಗ ಮುಂದೆ ಬರುತ್ತದೆ, ಅಪರಿಚಿತರಿಗೆ ಹಿಂಜರಿಯುತ್ತದೆ. ಇದು ಎಲ್ಲ ಕಡೆಯೂ ಇದೆ, ಕೊಡಗಿನಲ್ಲಿ ಇದಕ್ಕೆ ಹೆಚ್ಚು ಗಮನ ಬೇಕು. ಒಂದೇ ಅಂಗನವಾಡಿಯಲ್ಲಿ ಎಸ್ಟೇಟ್ ಮನೆಯ ಮಗು, ತೋಟದ ಕಾರ್ಮಿಕರ ಲೈನ್ ಮನೆಯ ಮಗು, ಆದಿವಾಸಿಗಳ ಹಾಡಿಯ ಮಗು, ಕಾಫಿ ಕೊಯ್ಲಿಗೆಂದು ಅಸ್ಸಾಮಿನಿಂದ ಬಂದವರ ಮಗು ಒಟ್ಟಿಗೆ ಕೂರುತ್ತವೆ. ಕೊಯ್ಲಿನ ತಿಂಗಳುಗಳಲ್ಲಿ ಹೊಸ ಮಕ್ಕಳು ಬರುತ್ತವೆ, ಮುಗಿದ ಮೇಲೆ ಹೋಗುತ್ತವೆ. ಹೊಸ ಮಗುವಿಗೆ ಮಾತೂ ಬರುವುದಿಲ್ಲ.

ಟೀಚರ್ ಮಾಡಬಹುದಾದ ಒಳ್ಳೆಯ ಕೆಲಸ, ಆ ಮಗುವನ್ನು ಮೊದಲ ದಿನವೇ ಜೋಡಿ ಕೆಲಸಕ್ಕೆ ಸೇರಿಸುವುದು. ಇಬ್ಬರು ಸೇರಿ ಚಾಪೆ ಹಾಸುವುದು, ಇಬ್ಬರು ಸೇರಿ ಲೋಟ ಹಂಚುವುದು. ಇದಕ್ಕೆ ಭಾಷೆ ಬೇಕಿಲ್ಲ. ಹೆಸರನ್ನು ಸರಿಯಾಗಿ ಕರೆಯಲು ಎಲ್ಲ ಮಕ್ಕಳಿಗೂ ಕಲಿಸಿ.

ಮನೆಯವರಿಗೆ ಒಂದು ಮಾತು, ಕಟುವಾದರೂ ಹೇಳುತ್ತೇನೆ. ಮಕ್ಕಳು ನಮ್ಮ ಮಾತಿಗಿಂತ ನಮ್ಮ ಕೈಯನ್ನು ಹೆಚ್ಚು ನೋಡುತ್ತಾರೆ. ಕೆಲಸಕ್ಕೆ ಬಂದವರಿಗೆ ಬೇರೆ ಲೋಟದಲ್ಲಿ ಕಾಫಿ ಕೊಟ್ಟು, ಆಮೇಲೆ ಮಗುವಿಗೆ ಎಲ್ಲರ ಜೊತೆ ಹಂಚಿಕೋ ಎಂದರೆ ಮಗು ಲೋಟದಿಂದಲೇ ಕಲಿಯುತ್ತದೆ. ನಾಲ್ಕರಿಂದ ಹದಿನೈದು ವರ್ಷದ ಮಕ್ಕಳನ್ನು ಏಳು ದೇಶಗಳಲ್ಲಿ ನೋಡಿದ ಅಧ್ಯಯನ 2015ರಲ್ಲಿ ಬಂತು. ಅದರಲ್ಲಿ ನಮ್ಮ ಪಕ್ಕದ ಆಂಧ್ರಪ್ರದೇಶದ ಮಕ್ಕಳೂ ಇದ್ದರು. ತನಗೆ ಕಡಿಮೆ ಬಂದರೆ ಆ ಹಂಚಿಕೆಯೇ ಬೇಡ ಎನ್ನುವುದು ಏಳೂ ದೇಶಗಳಲ್ಲಿ ಕಂಡಿತು. ತನಗೆ ಜಾಸ್ತಿ ಬಂದು ಎದುರಿನವರಿಗೆ ಕಡಿಮೆಯಾದಾಗಲೂ ಬೇಡ ಎನ್ನುವುದು ಕಂಡದ್ದು ಅಮೆರಿಕ, ಕೆನಡಾ, ಉಗಾಂಡ, ಈ ಮೂರು ಕಡೆ ಮಾತ್ರ, ಅದೂ ದೊಡ್ಡ ಮಕ್ಕಳಲ್ಲಿ. ತನಗಾದ ಅನ್ಯಾಯ ಎಲ್ಲ ಮಕ್ಕಳಿಗೂ ತಿಳಿಯುತ್ತದೆ. ಇನ್ನೊಬ್ಬರಿಗಾದ ಅನ್ಯಾಯಕ್ಕೆ ತಾನೂ ಬಿಟ್ಟುಕೊಡುವುದು ಸುತ್ತಲಿನವರು ನಡೆದುಕೊಳ್ಳುವ ರೀತಿಯ ಮೇಲೆ ನಿಂತಿರುವಂತೆ ಕಾಣುತ್ತದೆ.

ಹೆಜ್ಜೆ 10: ಎಲ್ಲವನ್ನೂ ಕೊಟ್ಟುಬಿಡುವ ಮಗುವನ್ನೂ ನೋಡಿ

ಹಂಚದ ಮಗುವಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಕೇಳಿದವರಿಗೆಲ್ಲ ತನ್ನದನ್ನು ಕೊಟ್ಟು, ಆಮೇಲೆ ಮೂಲೆಯಲ್ಲಿ ಸುಮ್ನೆ ಕೂರುವ ಮಗುವನ್ನು "ಎಷ್ಟು ಒಳ್ಳೆಯವಳು" ಎಂದು ಹೊಗಳಿ ಬಿಡುತ್ತೇವೆ. ಆ ಮಗು ಹೆದರಿ ಕೊಡುತ್ತಿದೆಯಾ, ಇಷ್ಟಪಟ್ಟು ಕೊಡುತ್ತಿದೆಯಾ ನೋಡಿ. ಕೊಟ್ಟ ಮೇಲೆ ಮುಖ ಅರಳಿದರೆ ಚಿಂತೆ ಇಲ್ಲ. ಕೊಟ್ಟ ಮೇಲೆ ಉಗುರು ಕಚ್ಚಿದರೆ, ಮಾತು ನಿಲ್ಲಿಸಿದರೆ, "ಬೇಡ, ಈಗ ನಾನು ಆಡ್ತಿದ್ದೀನಿ" ಎಂದು ಹೇಳುವುದನ್ನು ಅದಕ್ಕೆ ಕಲಿಸಬೇಕು. ಮನೆಯಲ್ಲಿ ಗೊಂಬೆ ಇಟ್ಟುಕೊಂಡು ಆಟದಲ್ಲೇ ಹೇಳಿಸಿ. ತಮ್ಮ, ತಂಗಿ ಹುಟ್ಟಿದ ಮನೆಯಲ್ಲಿ ದೊಡ್ಡ ಮಗುವಿಗೆ ಹೀಗಾಗುವುದುಂಟು. "ನೀನು ದೊಡ್ಡವಳು, ಬಿಟ್ಟುಕೊಡು" ಎನ್ನುವುದನ್ನು ಆದಷ್ಟು ಕಡಿಮೆ ಮಾಡಿ. ನಾಲ್ಕು ವರ್ಷ ಅಂದರೆ ಅದೂ ಚಿಕ್ಕದೇ.

ಡಾಕ್ಟರನ್ನು ಯಾವಾಗ ಕೇಳಬೇಕು

ಹಂಚಿಕೊಳ್ಳುವುದಿಲ್ಲ ಎನ್ನುವ ಒಂದೇ ಕಾರಣಕ್ಕೆ ಡಾಕ್ಟರ ಹತ್ತಿರ ಹೋಗಬೇಕಿಲ್ಲ. ಆದರೆ ಒಂದೂವರೆ ವರ್ಷವಾದರೂ ಮಗು ಏನನ್ನೂ ತಂದು ತೋರಿಸದಿದ್ದರೆ, ಬೆರಳು ಮಾಡಿ ತೋರಿಸದಿದ್ದರೆ, ಹೆಸರು ಕರೆದರೆ ತಿರುಗಿ ನೋಡದಿದ್ದರೆ, ಬಂದಿದ್ದ ಮಾತು ನಿಂತುಹೋದರೆ ತಡ ಮಾಡಬೇಡಿ. "ಗಂಡುಮಕ್ಕಳಿಗೆ ಮಾತು ತಡ" ಎಂದು ಯಾರಾದರೂ ಹೇಳಿದರೂ ಸುಮ್ಮನಿರಬೇಡಿ. ಕಿವಿ ಪರೀಕ್ಷೆ ಮೊದಲು ಆಗಲಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡುತ್ತದೆ. ಬೆಳವಣಿಗೆಯಲ್ಲಿ ತಡ ಕಂಡರೆ ಮುಂದಿನ ತಪಾಸಣೆಗೆ ಕಳಿಸುತ್ತದೆ, ಅದು ಉಚಿತ. ತಂಡ ಬರುವ ದಿನ ಯಾವುದು ಎಂದು ಟೀಚರನ್ನು ಕೇಳಿಟ್ಟುಕೊಳ್ಳಿ. ಆ ದಿನ ನೀವೂ ಜೊತೆಗೆ ಹೋಗಿ. ಮನೆಯಲ್ಲಿ ನೀವು ಗಮನಿಸಿದ್ದನ್ನು, ಯಾವಾಗಿನಿಂದ ಹೀಗೆ ಎನ್ನುವುದರ ಸಮೇತ, ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.